ಸ್ಟೀಮ್ ಹರಿಯದಿದ್ದರೂ ಡಿಪಿ ಟ್ರಾನ್ಸ್‌ಮಿಟರ್ ಫ್ಲೋ ತೋರಿಸುವುದೇಕೆ?

ಬಾಯ್ಲರ್ ಲೈನಿನ ವಾಲ್ವ್ ಬಂದ್ ಮಾಡಿದರೂ ಹೊಸ ಡಿಪಿ ಟ್ರಾನ್ಸ್‌ಮಿಟರ್ (ಪೈಪಿನ ಎರಡು ಜಾಗಗಳ ಒತ್ತಡದ ವ್ಯತ್ಯಾಸ ಅಳೆದು ಹರಿವು ತೋರಿಸುವ ಸಾಧನ) ಫ್ಲೋ ತೋರಿಸುತ್ತಿದೆ ಎಂದು ಕೇಳಿದ್ದೀರಿ. ತಕ್ಷಣ ಝೀರೋ ಮಾಡಬೇಡಿ, ಅಂದರೆ ಆ ರೀಡಿಂಗನ್ನೇ ಸೊನ್ನೆ ಎಂದು ಹೊಂದಿಸಬೇಡಿ. ಮ್ಯಾನಿಫೋಲ್ಡಿನ (ಟ್ರಾನ್ಸ್‌ಮಿಟರಿಗೆ ಜೋಡಿಸಿದ ಮೂರು ವಾಲ್ವ್‌ಗಳ ಬ್ಲಾಕ್) ಲೋ ಸೈಡ್, ಅಂದರೆ ಕಡಿಮೆ ಒತ್ತಡದ ಕಡೆಯ ವಾಲ್ವ್ ಮುಚ್ಚಿ, ಆಮೇಲೆ ಹೈ ಮತ್ತು ಲೋ ಎರಡೂ ಕಡೆಯನ್ನು ಸೇರಿಸುವ ಈಕ್ವಲೈಸರ್ ವಾಲ್ವ್ ತೆರೆಯಿರಿ. ಈಗ ರೀಡಿಂಗ್ ಸೊನ್ನೆಗೆ ಬಂತೇ? ಹಾಗಾದರೆ ಟ್ರಾನ್ಸ್‌ಮಿಟರ್ ಸರಿಯಾಗಿದೆ, ತಪ್ಪು ಇಂಪಲ್ಸ್ ಟ್ಯೂಬಿನಲ್ಲಿದೆ (ಪೈಪಿನ ಒತ್ತಡವನ್ನು ಟ್ರಾನ್ಸ್‌ಮಿಟರಿಗೆ ತಲುಪಿಸುವ ಸಣ್ಣ ಕೊಳವೆ). ಎರಡೂ ಟ್ಯೂಬಿನಲ್ಲಿ ನೀರು ಒಂದೇ ಮಟ್ಟಕ್ಕೆ ತುಂಬಿರಬೇಕು, 10 ಸೆಂ.ಮೀ. ಹೆಚ್ಚುಕಡಿಮೆಯಾದರೂ ಸುಮಾರು 1 ಕಿಲೋಪ್ಯಾಸ್ಕಲ್ ಸುಳ್ಳು ಒತ್ತಡ ಸೇರಿಬಿಡುತ್ತದೆ. ಗಾಳಿ ಗುಳ್ಳೆ ಸಿಕ್ಕಿಕೊಂಡರೂ ಇದೇ ಕಥೆ. ಅದಕ್ಕೇ ಟ್ರಾನ್ಸ್‌ಮಿಟರನ್ನು ಟ್ಯಾಪಿಂಗ್‌ಗಿಂತ (ಟ್ಯೂಬು ಸ್ಟೀಮ್ ಪೈಪಿಗೆ ಸೇರುವ ಜಾಗ) ಕೆಳಗೆ ಕೂರಿಸಿ, ಟ್ಯೂಬಿಗೆ ಪ್ರತಿ ಮೀಟರ್ ಉದ್ದಕ್ಕೆ 8 ಸೆಂ.ಮೀ.ನಷ್ಟು ಇಳಿಜಾರು ಕೊಡಿ.

ದಯವಿಟ್ಟು ಒಂದು ನೆನಪಿಡಿ: ಸ್ಟೀಮ್ ಹರಿಯುವಾಗ ಮೂರೂ ವಾಲ್ವ್ ಒಟ್ಟಿಗೆ ತೆರೆದಿರಬಾರದು. ಹೈ ಸೈಡಿನ ನೀರು ಲೋ ಕಡೆಗೆ ಹರಿದು ಖಾಲಿಯಾದರೆ ಸುಡುವ ಸ್ಟೀಮ್ ಸೆನ್ಸರ್‌ವರೆಗೂ ಬಂದು ಅದರ ಡಯಾಫ್ರಾಮ್ (ಒತ್ತಡ ಗ್ರಹಿಸುವ ತೆಳು ಪೊರೆ) ಕೆಡುತ್ತದೆ.