ಹಾರ್ಮೋನ್ ಟೆಸ್ಟ್ ನಾರ್ಮಲ್ ಇದ್ದರೂ ಮುಟ್ಟು ಯಾಕೆ ಏರುಪೇರಾಗುತ್ತಿದೆ?

44 ವರ್ಷ, ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೇ ಬರುತ್ತದೆ, ಒಮ್ಮೆ ಎರಡು ತಿಂಗಳಾದರೂ ಇಲ್ಲ, ರಾತ್ರಿ ಬೆವರಿ ಎಚ್ಚರವಾಗುತ್ತದೆ, ಆದರೆ ರಿಪೋರ್ಟ್ ನಾರ್ಮಲ್. ಬರೀ ಟೆನ್ಷನ್ನಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ನನಗೂ ನಿಮ್ಮ ವಯಸ್ಸಿನಲ್ಲೇ ಇದೆಲ್ಲ ಶುರುವಾಗಿತ್ತು.

ಮುಟ್ಟು ಪೂರ್ತಿ ನಿಲ್ಲುವ ಎಷ್ಟೋ ವರ್ಷ ಮೊದಲೇ ಈ ಏರುಪೇರು ಬರುತ್ತದೆ. ನಮ್ಮ ದೇಶದಲ್ಲಿ ಸರಾಸರಿ 46-47ಕ್ಕೆ ನಿಲ್ಲುತ್ತದೆ, ಅಮೆರಿಕದಲ್ಲಿ 51ರ ಸುಮಾರಿಗೆ. ಹಾಗಾಗಿ 44 ಏನೂ ಬೇಗ ಅಲ್ಲ.

ಈ ವಯಸ್ಸಲ್ಲಿ ಕೆಲವು ತಿಂಗಳು ಅಂಡಾಣು ಬಿಡುಗಡೆಯಾಗುವುದೇ ಇಲ್ಲ. ಆಗ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಸಾಕಷ್ಟು ಬರುವುದಿಲ್ಲ. ಇನ್ನೊಂದು ಹಾರ್ಮೋನ್ ಈಸ್ಟ್ರೋಜನ್ ಮಾತ್ರ ಒಮ್ಮೆ ಏರಿ ಒಮ್ಮೆ ಇಳಿಯುತ್ತಿರುತ್ತದೆ. ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ, ಉದುರುವಾಗ ರಕ್ತ ವಿಪರೀತ ಹೋಗುತ್ತದೆ. ಎಫ್‌ಎಸ್‌ಎಚ್ ಎಂಬ, ಅಂಡಾಣು ಬೆಳೆಸುವ ಹಾರ್ಮೋನ್ ಕೂಡ ಈ ತಿಂಗಳು ಜಾಸ್ತಿ, ಮುಂದಿನ ತಿಂಗಳು ನಾರ್ಮಲ್. ಒಂದು ದಿನ ಕೊಟ್ಟ ರಕ್ತ ಇದನ್ನೆಲ್ಲ ಹೇಳುವುದಿಲ್ಲ. ವಯಸ್ಸು, ಮುಟ್ಟಿನ ತಾರೀಖು, ನಿಮ್ಮ ತೊಂದರೆಗಳು, ಇವೇ ಡಾಕ್ಟರಿಗೆ ಜಾಸ್ತಿ ಹೇಳುತ್ತವೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹೋಗಿ. ಥೈರಾಯ್ಡ್ ಟೆಸ್ಟ್ ತಪ್ಪದೆ ಮಾಡಿಸಿ, ಅದರ ತೊಂದರೆಯೂ ಹೀಗೇ ಕಾಣುತ್ತದೆ.

ಮೈಯಲ್ಲಿ ಕಬ್ಬಿಣ ಎಷ್ಟು ಉಳಿದಿದೆ ಅಂತ ತೋರಿಸುವ ಫೆರಿಟಿನ್ ಟೆಸ್ಟನ್ನೂ ಕೇಳಿ ಮಾಡಿಸಿ. ನನಗೂ ರಕ್ತ ವಿಪರೀತ ಹೋಗುತ್ತಿತ್ತು. ಮದುವೆಮನೆಗೆ ಕಡುಬಣ್ಣದ ಸೀರೆ ಬಿಟ್ಟು ಬೇರೆ ಉಡಲು ಹೆದರುತ್ತಿದ್ದೆ. ಮಂಚದ ಮೇಲೆ ಟವೆಲ್ ಹಾಸಿ ಮಲಗುತ್ತಿದ್ದೆ. ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು. ವಯಸ್ಸಾಯ್ತಲ್ಲ ಅಂದರು ಎಲ್ಲರೂ. ನೋಡಿದರೆ ಮೈಯಲ್ಲಿ ಕಬ್ಬಿಣವೇ ಖಾಲಿ. ಮಾತ್ರೆ ಶುರುಮಾಡಿದ ಮೇಲೆ ಸುಸ್ತು, ಸಿಡಿಮಿಡಿ ಎರಡೂ ಎಷ್ಟೋ ಕಮ್ಮಿಯಾದವು. ಊಟ ಆದ ಕೂಡಲೇ ಕಾಫಿ ಟೀ ಬೇಡ, ಕಬ್ಬಿಣ ಹೀರಿಕೊಳ್ಳುವುದನ್ನು ಅವು ತಡೆಯುತ್ತವೆ. ಸಂಜೆ ಕಾಫಿ ಬಿಟ್ಟರೆ ನಿದ್ದೆಗೂ ಒಳ್ಳೆಯದು.

ಮೂಳೆ ಸವೆಯುವುದು ಜೋರಾಗುವುದೂ ಈ ಸಮಯದಲ್ಲೇ. ಬರೀ ವಾಕಿಂಗ್ ಸಾಲದು, ವಾರಕ್ಕೆ ಎರಡು ದಿನವಾದರೂ ಭಾರ ಎತ್ತುವ ವ್ಯಾಯಾಮ ಮಾಡಿ. ರಾಗಿ ನೂರು ಗ್ರಾಮಿಗೆ 300 ಮಿಲಿಗ್ರಾಮಿಗೂ ಮೇಲೆ ಕ್ಯಾಲ್ಸಿಯಂ ಕೊಡುತ್ತದೆ, ಮುದ್ದೆ ಬಿಡಬೇಡಿ.

"ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ" ಅಂತ ಯಾರಾದರೂ ಅಂದರೆ, ದಯವಿಟ್ಟು ಇನ್ನೊಬ್ಬ ಡಾಕ್ಟರನ್ನು ಕೇಳದೆ ಒಪ್ಪಬೇಡಿ. ರಕ್ತಸ್ರಾವ ತಗ್ಗಿಸಲು ಮಾತ್ರೆಗಳಿವೆ, ಹಾರ್ಮೋನ್ ಇರುವ ಕಾಪರ್-ಟಿಯಂಥ ಸಾಧನ ಇದೆ. ಬೆವರು, ನಿದ್ದೆಗೂ ಚಿಕಿತ್ಸೆ ಇದೆ, ಸುಮ್ನೆ ಸಹಿಸಿಕೊಳ್ಳಬೇಕಾಗಿಲ್ಲ.

ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ, ಎರಡು ಮುಟ್ಟಿನ ನಡುವೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ ತಡಮಾಡದೆ ತೋರಿಸಿ. ಮುಟ್ಟು ತಪ್ಪಿದ ತಿಂಗಳು ಗರ್ಭ ನಿಂತಿರಲೂಬಹುದು, ಅದನ್ನೂ ಮೊದಲು ನೋಡಿಕೊಳ್ಳಿ. ಸತತ 12 ತಿಂಗಳು ಬರದಿದ್ದರೆ ಮುಟ್ಟು ನಿಂತಿತು ಅಂತ ಲೆಕ್ಕ. ಅದಾದ ಮೇಲೆ ಒಂದು ಹನಿ ಕಂಡರೂ ಡಾಕ್ಟರ ಹತ್ತಿರ ಹೋಗಲೇಬೇಕು.