ಒಣಗಿದ ಮೇಲೂ ಚುಚ್ಚುವ ಗಿಡ

ಪ್ರಶ್ನೆ: ಹಳ್ಳದ ದಂಡೆಯಲ್ಲಿ ಸಿಕ್ಕ ಅರ್ಟಿಕೇಸಿಯೇ (ತುರಿಕೆ ಗಿಡದ) ಕುಟುಂಬದ ಗಿಡಗಳನ್ನು ಹರ್ಬೇರಿಯಂಗೆಂದು (ಒಣಗಿಸಿದ ಗಿಡಗಳ ಸಂಗ್ರಹಕ್ಕೆಂದು) ಒತ್ತಿಟ್ಟೆವು. ವಾರದೊಳಗೆ ಎಲೆ ಕಪ್ಪಾಗಿ ಗೆಣ್ಣಿನಿಂದ ಕಳಚಿದವು. ಎಲ್ಲಿ ತಪ್ಪಿದ್ದೇವೆ?
– ವಿದ್ಯಾರ್ಥಿಗಳು, ತೀರ್ಥಹಳ್ಳಿ

ಉತ್ತರ: ನಿಮಗೆ ಸಿಕ್ಕಿದ್ದು ಎಲಾಟೊಸ್ಟೆಮಾ ಅಥವಾ ಪೈಲಿಯಾ ಇರಬೇಕು. ಕುಟುಂಬ ತುರಿಕೆ ಗಿಡದ್ದೇ ಆದರೂ ಇವು ಚುಚ್ಚುವುದಿಲ್ಲ. ಕಾಂಡದ ತುಂಬ ನೀರು. ಹಾಗಾಗಿ ಕಾಗದದ ನಡುವೆಯೂ ಗಿಡ ದಿನಗಟ್ಟಲೆ ಜೀವ ಹಿಡಿದಿದ್ದು ಎಲೆಯನ್ನು ತಾನೇ ಉದುರಿಸುತ್ತದೆ. ಒತ್ತುವ ಮೊದಲು ಕುದಿಯುವ ನೀರಿನಲ್ಲಿ ಕೆಲವು ಸೆಕೆಂಡು ಅದ್ದಿ, ಬಟ್ಟೆಯ ಮೇಲಿಟ್ಟು ನೀರು ಹೀರಿಸಿ. ದಪ್ಪ ಕಾಂಡವನ್ನು ಉದ್ದಕ್ಕೆ ಸೀಳಿಕೊಳ್ಳಿ. ಬಿಸಿನೀರಿಗೆ ಹೂವಿನ ಆಕಾರ ಕೆಡುತ್ತದೆ. ಹೂವಿರುವ ಒಂದು ರೆಂಬೆಯನ್ನು ಅದ್ದದೆ ಬೇರೆಯಾಗಿ ಒತ್ತಿ, ಒಂದೆರಡು ಹೂಗೊಂಚಲನ್ನು ಶೇ. 70ರ ಆಲ್ಕೋಹಾಲಿನಲ್ಲಿ ಸಣ್ಣ ಸೀಸೆಗೆ ಹಾಕಿಡಿ.

ಮೊದಲ ನಾಲ್ಕು ದಿನ ಕಾಗದವನ್ನು ದಿನಕ್ಕೆ ಎರಡು ಸಲ ಬದಲಿಸಬೇಕು. ಮಲೆನಾಡಿನ ಜುಲೈನಲ್ಲಿ ಹಳೆಯ ಪತ್ರಿಕೆಯೇ ತೇವ ಕುಡಿದು ಕೂತಿರುತ್ತದೆ. ಅದನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಬೆಚ್ಚಗಾದ ಮೇಲೆ ಬಳಸಿ, ಇಲ್ಲವಾದರೆ ಬದಲಿಸಿದ್ದೂ ದಂಡ.

ಪ್ರಶ್ನೆ: ತುರಚೆ ಬಳ್ಳಿ, ನಸುಗುನ್ನಿಗಳನ್ನೂ ಅರ್ಟಿಕೇಸಿಯೇ ಕಡತಕ್ಕೆ ಸೇರಿಸಬಹುದೇ? ಒಣಗಿದ ಮಾದರಿ ಮುಟ್ಟಿದರೂ ತುರಿಸುತ್ತದೆಯೇ?
– ಒಬ್ಬ ಓದುಗರು, ಸಕಲೇಶಪುರ

ಉತ್ತರ: ಸೇರಿಸಬೇಡಿ. ತುರಚೆ (ಟ್ರೇಜಿಯಾ) ಹರಳಿನ ಕುಟುಂಬದ್ದು, ನಸುಗುನ್ನಿ ಅವರೆಯ ಕುಟುಂಬದ್ದು. ತುರಿಕೆ ಒಂದೇ ಎಂದು ಮನೆತನ ಒಂದಾಗುವುದಿಲ್ಲ. ನಮ್ಮ ಘಟ್ಟದಲ್ಲಿ ಚುಚ್ಚುವ ಅರ್ಟಿಕೇಸಿಯೇ ಎಂದರೆ ಲಪೋರ್ಟಿಯಾ ಇಂಟರಪ್ಟಾ, ಜಿರಾರ್ಡಿನಿಯಾ, ಡೆಂಡ್ರೊಕ್ನೈಡ್ ಸಿನ್ಯುಯೇಟಾ.

ಒಣಗಿದರೂ ಚುಚ್ಚುತ್ತವೆ. ರೋಮದ ತುದಿ ಸಿಲಿಕಾದ್ದು, ಗಾಜಿನಂತೆ ಮುರಿದು ಚರ್ಮಕ್ಕೆ ಇಳಿಯುತ್ತದೆ. ತೆಳು ರಬ್ಬರ್ ಕೈಗವಸನ್ನೂ ದಾಟೀತು. ಚರ್ಮದ್ದನ್ನು ಹಾಕಿ, ಚಿಮಟದಲ್ಲಿ ಹಿಡಿಯಿರಿ. ಮಾದರಿ ಅಂಟಿಸುವ 28×42 ಸೆಂ.ಮೀ. ಹಾಳೆಯ ಮೂಲೆಯಲ್ಲಿ ‘ಚುಚ್ಚುತ್ತದೆ’ ಎಂದು ಕೆಂಪು ಶಾಯಿಯಲ್ಲಿ ಬರೆದರೆ ಮುಂದೆ ಕಡತ ಬಿಚ್ಚುವವರು ಬಚಾವ್.

ಡೆಂಡ್ರೊಕ್ನೈಡ್‌ನಲ್ಲಿ ಗಂಡು, ಹೆಣ್ಣು ಬೇರೆ ಬೇರೆ ಗಿಡ. ಪಕ್ಕಪಕ್ಕದಲ್ಲೇ ಸಿಕ್ಕಿದರೂ ಎರಡಕ್ಕೂ ಪ್ರತ್ಯೇಕ ಸಂಗ್ರಹ ಸಂಖ್ಯೆ ಕೊಡಿ. ಎಲೆ ಎದುರುಬದುರೋ ಪರ್ಯಾಯವೋ, ಗಿಡದ ಎತ್ತರ, ಹೂವಿನ ಬಣ್ಣ, ನೀರಿನಿಂದ ಎಷ್ಟು ದೂರ ಇತ್ತು ಎಂಬುದನ್ನು ಅಲ್ಲೇ ನಿಂತು ಬರೆದುಕೊಳ್ಳಿ. ಎಲೆ ಉದುರಿ ಒಣಗಿದ ಮಾದರಿಯಲ್ಲಿ ಇವು ಸಿಗುವುದು ಕಷ್ಟ. ಒಂದು ಮಾತ್ರ ಒಣಗಿದ ಮೇಲೇ ಚೆನ್ನಾಗಿ ಕಾಣುವುದು: ಎಲೆಯೊಳಗಿನ ಸುಣ್ಣದ ಕಣ. ಹತ್ತುಪಟ್ಟಿನ ಮಸೂರದಲ್ಲಿ ನೋಡಿದರೆ ಪೈಲಿಯಾದಲ್ಲಿ ಸಣ್ಣ ಗೀರು, ಇದೇ ಕುಟುಂಬದ ಬೋಮೇರಿಯಾದಲ್ಲಿ ಚುಕ್ಕೆ. ಅನುಮಾನ ಉಳಿದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನ (ಅದರ ಸಂಕೇತ ಜೆಸಿಬಿ) ಹಾಳೆಗಳೊಂದಿಗೆ ಹೋಲಿಸಿ.