ಹಾಯಿದೋಣಿಗೆ ಎಲೆಕ್ಟ್ರಿಕ್ ಕಮೋಡ್ ಕೂರಿಸಿದರೆ ಬ್ಯಾಟರಿ ತಡೆಯುತ್ತದೆಯೇ?

ವಿರಾಜಪೇಟೆಯಲ್ಲಿ ಕಾಫಿ ತೋಟ, ಕೊಚ್ಚಿಯ ಮರಿನಾದಲ್ಲಿ 30 ಅಡಿಯ ಹಾಯಿದೋಣಿ. ಅದರ ಕೈಪಂಪಿನ ಕಮೋಡ್ ತೆಗೆದು 12 ವೋಲ್ಟಿನ ಎಲೆಕ್ಟ್ರಿಕ್ ಕಮೋಡ್ ಕೂರಿಸಿದರೆ ಬ್ಯಾಟರಿ ತಡೆಯುತ್ತದೆಯೇ ಎಂದು ಕೇಳಿದ್ದೀರಿ. ಕುಶಾಲನಗರಕ್ಕೆ ಬಂದು ನೆಲೆಸುವ ಮುನ್ನ ಇಂಥ ದೋಣಿಗಳ ವೈರಿಂಗ್, ಪ್ಲಂಬಿಂಗ್ ಮಾಡುವುದೇ ನನ್ನ ಕೆಲಸವಾಗಿತ್ತು. ಬ್ಯಾಟರಿ ಖಂಡಿತ ತಡೆಯುತ್ತದೆ. ನೀವು ಮೊದಲು ತೀರ್ಮಾನಿಸಬೇಕಾದದ್ದು ಫ್ಲಷ್ ಮಾಡಲು ಯಾವ ನೀರು ಎಂಬುದನ್ನು.

ಕೊಯ್ಲು ಶುರುವಾದರೆ ನೀವು ತೋಟ ಬಿಟ್ಟು ಕದಲುವಂತಿಲ್ಲ. ಮಳೆಗಾಲದಲ್ಲಂತೂ ದೋಣಿ ಕಟ್ಟಿದಲ್ಲೇ ಇರುತ್ತದೆ. ಸಮುದ್ರದ ನೀರನ್ನೇ ಎಳೆದುಕೊಳ್ಳುವ ಮಾದರಿಯನ್ನು ಹಾಕಿಸಿದರೆ ಅಷ್ಟೂ ಕಾಲ ಪೈಪಿನೊಳಗೆ ಉಪ್ಪುನೀರು ನಿಂತಿರುತ್ತದೆ. ಅದರಲ್ಲಿರುವ ಸೂಕ್ಷ್ಮಜೀವಿಗಳು ಸತ್ತು ಕೊಳೆಯುತ್ತವೆ, ಆಮ್ಲಜನಕ ಮುಗಿದ ಮೇಲೆ ಬ್ಯಾಕ್ಟೀರಿಯಾಗಳು ನೀರಿನ ಸಲ್ಫೇಟಿನಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟಿಸುತ್ತವೆ. ಮುಂದಿನ ಸಲ ಬಂದು ಮೊದಲ ಫ್ಲಷ್ ಮಾಡುತ್ತಿದ್ದಂತೆ ಕ್ಯಾಬಿನ್ ತುಂಬ ಕೊಳೆತ ಮೊಟ್ಟೆಯ ನಾತ. ಮಲದ ಟ್ಯಾಂಕ್ ಸೋರುತ್ತಿದೆ ಎಂದುಕೊಂಡು ಅದನ್ನೇ ಬಿಚ್ಚಿಸಿದವರನ್ನು ಕಂಡಿದ್ದೇನೆ. ದೋಷವಿದ್ದದ್ದು ನೀರು ಒಳಬರುವ ಪೈಪಿನಲ್ಲಿ! ಸಾಲದ್ದಕ್ಕೆ ಉಪ್ಪುನೀರು ಮತ್ತು ಮೂತ್ರ ಸೇರಿ ಹೊರಹೋಗುವ ಪೈಪಿನ ಒಳಗೋಡೆಗೆ ಕ್ಯಾಲ್ಸಿಯಂ ಗಟ್ಟಿಯಾಗಿ ಕಟ್ಟಿಕೊಂಡು, ವರ್ಷ ಕಳೆದಂತೆ ದಾರಿ ಕಿರಿದಾಗುತ್ತದೆ.

ಆದ್ದರಿಂದ ಸಿಹಿನೀರಿನ ಮಾದರಿಯನ್ನೇ ಕೊಳ್ಳಿ. ಒಂದು ಫ್ಲಷ್‌ಗೆ ಎರಡು ಮೂರು ಲೀಟರ್ ಸಾಕು. ಸಮುದ್ರದ ನೀರಿಗೆಂದು ಮಾಡಿದ ಕಮೋಡನ್ನು ಮಾತ್ರ ಕುಡಿಯುವ ನೀರಿನ ಲೈನಿಗೆ ಜೋಡಿಸಲೇಬೇಡಿ, ಕೊಳೆ ಹಿಂದಕ್ಕೆ ಹರಿದು ಟ್ಯಾಂಕ್ ಸೇರಬಹುದು. ಸಿಹಿನೀರಿಗೆಂದೇ ಬರುವುದರಲ್ಲಿ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಮತ್ತು ನೀರು ತಾನಾಗಿ ಹಿಂದಕ್ಕೆ ಎಳೆದುಕೊಳ್ಳದಂತೆ ಮಾಡುವ ಸೈಫನ್ ತಡೆ ಇರುತ್ತವೆ.

ಇನ್ನು ವಿದ್ಯುತ್ತು. ಮೋಟಾರು ಸುಮಾರು 20 ಆಂಪಿಯರ್ ಎಳೆಯುತ್ತದೆ, ಆದರೆ ಅರ್ಧ ನಿಮಿಷ ಮಾತ್ರ. ದಿನಕ್ಕೆ ಹತ್ತು ಸಲವಾದರೂ 2 ಆಂಪಿಯರ್-ಅವರ್ ದಾಟದು. ತೊಂದರೆ ಕೊಡುವುದು ತೆಳು ವೈರ್. ಬ್ಯಾಟರಿಯಿಂದ ಕಮೋಡಿಗೆ 5 ಮೀಟರ್ ಎಂದರೆ ಹೋಗಿಬರುವ ದಾರಿ 10 ಮೀಟರ್. 4 ಚದರ ಮಿ.ಮೀ. ತಾಮ್ರದಲ್ಲಿ ಸುಮಾರು 0.9 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 10 ಚದರ ಮಿ.ಮೀ. ಹಾಕಿದರೆ 0.35 ಮಾತ್ರ. ಕಾಫಿ ಹೂವಿಗೆ ಎಲ್ಲರೂ ಒಟ್ಟಿಗೆ ಸ್ಪ್ರಿಂಕ್ಲರ್ ಹಚ್ಚಿದಾಗ ಲೈನಿನ ತುದಿಯ ಪಂಪ್‌ಸೆಟ್ ಗುಂಯ್‌ಗುಟ್ಟುತ್ತಾ ನಿಂತುಬಿಡುತ್ತದಲ್ಲ, ಈ ಮೋಟಾರೂ ಹಾಗೆಯೇ: ವೋಲ್ಟೇಜ್ ಕಡಿಮೆಯಾದರೆ ಮಲವನ್ನು ನುರಿಸುವ ಬ್ಲೇಡು ಸಿಕ್ಕಿಕೊಂಡು ಫ್ಯೂಸ್ ಹಾರುತ್ತದೆ. ತವರ ಲೇಪಿಸಿದ ತಾಮ್ರದ ವೈರನ್ನೇ ಬಳಸಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲಿರಲಿ.

ಮುಂದಿನದು ಪ್ರಾಣದ ವಿಷಯ. ಕಮೋಡ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಸಮುದ್ರಕ್ಕೆ ಹೋಗುವ ಪೈಪಿನಿಂದ ನೀರು ತಾನಾಗಿ ಹಿಂದಕ್ಕೆ ಎಳೆದುಕೊಂಡು ದೋಣಿಯನ್ನೇ ಮುಳುಗಿಸಬಲ್ಲದು. ಪೈಪನ್ನು ಮೇಲಕ್ಕೆ ಕಮಾನಿನಂತೆ ಬಾಗಿಸಿ, ಕಮಾನಿನ ನೆತ್ತಿಯಲ್ಲಿ ಗಾಳಿ ಒಳಬಿಡುವ ವಾಲ್ವ್ ಕೂರಿಸಿ. ದೋಣಿ ಪೂರ್ತಿ ವಾಲಿದಾಗಲೂ ಆ ಕಮಾನು ನೀರಿನ ಮಟ್ಟಕ್ಕಿಂತ 20 ಸೆಂ.ಮೀ. ಎತ್ತರದಲ್ಲಿರಬೇಕು. ಊರಿಗೆ ಹೊರಡುವಾಗ ಈ ಪೈಪು ದೋಣಿಯಿಂದ ಹೊರಬೀಳುವಲ್ಲಿರುವ ತಳದ ವಾಲ್ವನ್ನು ಮುಚ್ಚಿಯೇ ಹೊರಡಿ.

ಮಲದ ಟ್ಯಾಂಕ್ ಇಲ್ಲದೆ ಕಮೋಡ್ ಹಾಕಿಸುವ ಯೋಚನೆಯಿದ್ದರೆ ಕೈಬಿಡಿ. 60 ಲೀಟರಿನದಾದರೆ ಇಪ್ಪತ್ತು ಫ್ಲಷ್ ಹಿಡಿಸುತ್ತದೆ. ಸಂಸ್ಕರಿಸದ ಮಲಿನ ನೀರನ್ನು ದಡದಿಂದ 12 ನಾಟಿಕಲ್ ಮೈಲಿ ದಾಟಿದ ಮೇಲೆಯೇ ಬಿಡಬೇಕೆಂಬ ಅಂತರರಾಷ್ಟ್ರೀಯ ಮಾರ್ಪೋಲ್ ನಿಯಮ ದೊಡ್ಡ ಹಡಗುಗಳಿಗೆ ಸಂಬಂಧಿಸಿದ್ದು, ನಿಜ. ಆದರೂ ನೀವು ಅದನ್ನೇ ಪಾಲಿಸಿ. ಕೊಚ್ಚಿಯ ಹಿನ್ನೀರಿನಲ್ಲಿ ಜನ ಬಲೆ ಬೀಸಿ ಬದುಕುತ್ತಾರೆ.

ಕಮೋಡ್ ತರಿಸಿದ ಮೇಲೆ ನೇರವಾಗಿ ಕೊಚ್ಚಿಗೆ ಒಯ್ಯಬೇಡಿ. ಮನೆಯ ಕಣದಲ್ಲೇ ಹಲಗೆಗೆ ಬಿಗಿದು, ಕಾರಿನ ಬ್ಯಾಟರಿಗೂ ನಲ್ಲಿಯ ಪೈಪಿಗೂ ಜೋಡಿಸಿ, ಬಕೆಟ್ಟಿಗೆ ಬಿಟ್ಟು ಓಡಿಸಿ ನೋಡಿ. ಸೋರುವ ಜೋಡಣೆಯನ್ನು ಅಂಗಳದಲ್ಲಿ ಬಿಗಿಯುವುದು ಸುಲಭ.